ಸಿಲ್ವರ್ ಸ್ಪ್ರಿಂಗ್‌ನ ಇಥಿಯೋಪಿಯನ್ ಮನೆಗೆ ಸೊಸೆಯಾದ ಕಥೆ

ಮದುವೆ ಮುಗಿಯಿತು, ಹಾಲ್‌ನವರ ಬಾಕಿಯೂ ತೀರಿತು. ಈಗ ಕೂತು ಬರೆಯುವಷ್ಟು ಬಿಡುವು ಸಿಕ್ಕಿದೆ. ನಾನು ಶಿವಮೊಗ್ಗದವಳು, ಕೆಲಸ ಮೇರಿಲ್ಯಾಂಡ್‌ನಲ್ಲಿ. ಗಂಡ ಅಡಿಸ್ ಅಬಾಬಾದಲ್ಲಿ ಹುಟ್ಟಿದವನು. ಚಿಕ್ಕವನಿದ್ದಾಗಲೇ ಅವನ ಮನೆಯವರಿಗೆ ಅಮೆರಿಕದ ವೀಸಾ ಲಾಟರಿ ಹೊಡೆದು ಇಲ್ಲಿಗೆ ಬಂದರು. ಆ ಲಾಟರಿಯಲ್ಲಿ ಬಂದ ಇಥಿಯೋಪಿಯನ್ನರು ವಾಷಿಂಗ್ಟನ್ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನ ಕೆಲವು ರಸ್ತೆಗಳಲ್ಲಿ ಇಂಗ್ಲಿಷ್‌ಗಿಂತ ಅವರ ಅಮ್ಹಾರಿಕ್ ಭಾಷೆಯ ಬೋರ್ಡೇ ಮೊದಲು ಕಣ್ಣಿಗೆ ಬೀಳುತ್ತದೆ.

ನನ್ನ ಮದುವೆ ಫೋಟೋ ನೋಡಿದ ಮೇಲೆ ಇಂಥದ್ದೇ ಸಂಬಂಧ ಮಾತಾಡುತ್ತಿರುವ ಕೆಲವರು ಮೆಸೇಜ್ ಮಾಡಿದ್ದಾರೆ. ಎಲ್ಲರೂ ಕೇಳುವುದು ಒಂದೇ: ಏನೇನು ಕಾಗದ ಬೇಕು? ಮದುವೆಗೆ ಬೇಕಾದ ಕಾಗದದ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿದುಹೋಯಿತು. ಹಿರಿಯರು, ಉಪವಾಸಗಳು, ಎರಡು ಪಂಚಾಂಗ, ಮುನಿಸಿಕೊಂಡ ನೆಂಟರು, ಇವೆಲ್ಲ ಸೇರಿ ಒಂದು ವರ್ಷ ಹತ್ತಿರ ತಿಂದವು. ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಹಿರಿಯರು. ನಾವಿಬ್ಬರೂ ಒಪ್ಪಿಕೊಂಡರೆ ಸಾಲದು. ಹುಡುಗನ ಕಡೆಯಿಂದ ಶಿಮಾಗಿಲೆ ಹೋಗಬೇಕು, ಅಂದರೆ ಊರು ಗೌರವಿಸುವ ಹಿರಿಯರು ಹುಡುಗಿಯ ಮನೆಗೆ ಹೋಗಿ ಕೇಳಬೇಕು. ನನ್ನ ಮನೆ ಇರುವುದು ಶಿವಮೊಗ್ಗದಲ್ಲಿ, ಹಿರಿಯರು ಸಿಲ್ವರ್ ಸ್ಪ್ರಿಂಗ್‌ನಲ್ಲಿ. ಸರಿ, ಜೂಮ್‌ನಲ್ಲಿ ಮಾಡೋಣ ಎಂದಾಯಿತು. ದಿನ ಯಾವುದು? ಜುಲೈನಲ್ಲಿ ಬೇಡ, ಆಷಾಢ ಎಂದರು ಅಮ್ಮ. ಆಷಾಢ ಮುಗಿಯಿತು ಅನ್ನುವಷ್ಟರಲ್ಲಿ ಅವರ ಫಿಲ್ಸೆತಾ ಉಪವಾಸ ಶುರುವಾಯಿತು. ಅದು ಆಗಸ್ಟ್ 7ರಿಂದ 21ರವರೆಗೆ, ಮೇರಿ ಮಾತೆಯ ಹೆಸರಿನಲ್ಲಿ ಮಾಡುವುದು. ಕೊನೆಗೆ ಆಗಸ್ಟ್ ಕಡೆಯ ವಾರ, ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಸಂಜೆ ಆರೂವರೆಗೆ ಕಾಲ್ ಇಟ್ಟೆವು.

ಮೂರು ಜನ ಹಿರಿಯರು ಬಿಳಿ ಬಟ್ಟೆ ಹೊದ್ದು ಕ್ಯಾಮೆರಾ ಮುಂದೆ ನಿಂತರು. ಅಪ್ಪ, 'ಕೂತ್ಕೊಳ್ಳಿ, ಕೂತ್ಕೊಳ್ಳಿ' ಎಂದರು. ಅವರು ಕೂರಲಿಲ್ಲ. ಹೌದು ಎನ್ನುವವರೆಗೆ ಕೂರಬಾರದು ಎನ್ನುವುದು ಸಂಪ್ರದಾಯ. ಅಪ್ಪನಿಗೆ ಅದು ಗೊತ್ತಿಲ್ಲ, ನಾನು ಎಷ್ಟು ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ವಯಸ್ಸಾದವರು ನಿಂತೇ ಇದ್ದಾರಲ್ಲ ಎಂದು ಅವರಿಗೆ ಒಂದೇ ಸಂಕಟ. ಆದರೂ ನಮ್ಮ ಕಡೆ ವಾಡಿಕೆಯಂತೆ, 'ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ' ಎಂದುಬಿಟ್ಟರು. ನಾನು ಹೆದರಿದೆ. ಹಿರಿಯರಿಗೆ ಮಾತ್ರ ಬಹಳ ಖುಷಿಯಾಯಿತು! ಮೊದಲ ಸಲಕ್ಕೇ ಒಪ್ಪಿದರೆ ಮಗಳನ್ನು ಹಗುರವಾಗಿ ಕೊಟ್ಟಂತೆ, ಇನ್ನೊಮ್ಮೆ ಬನ್ನಿ ಎನ್ನುವುದೇ ಮರ್ಯಾದಸ್ಥರ ಉತ್ತರವಂತೆ. ಎರಡನೇ ಕಾಲ್‌ನಲ್ಲಿ ಅವರು ನಮ್ಮ ಮನೆತನ ಕೇಳಿದರು. ಅಪ್ಪ ಗೋತ್ರ ಹೇಳಿದರು. ಆ ಕಡೆಯವರು ಏಳು ತಲೆಮಾರಿನ ಹೆಸರು ಹೇಳಿದರು. ಏಳು ತಲೆಮಾರಿನೊಳಗೆ ರಕ್ತಸಂಬಂಧ ಇದ್ದರೆ ಅಲ್ಲಿ ಮದುವೆ ಇಲ್ಲ. ಶಿವಮೊಗ್ಗಕ್ಕೂ ಮಾವನ ಕಡೆಯ ಗೊಂಡರ್‌ಗೂ ಆ ಭಯ ಇಲ್ಲ ಬಿಡಿ, ಆದರೂ ಇಬ್ಬರೂ ಗಂಭೀರವಾಗಿಯೇ ಲೆಕ್ಕ ಹಾಕಿದರು. ಆಮೇಲೆ ಅಪ್ಪ ಹೂಂ ಎಂದರು, ಮೂವರೂ ಕೂತರು.

ಒಂದು ಕಿವಿಮಾತು. ಶಿಮಾಗಿಲೆ ಯಾರು ಎನ್ನುವುದನ್ನು ಹುಡುಗನ ತಾಯಿಗೇ ಬಿಡಿ. ನಮ್ಮ ಗುಂಪಿನಲ್ಲಿದ್ದ ಒಬ್ಬ ಹಿರಿಯರು, ಎಲ್ಲರೂ ಗಾಶೆ ಎಂದೇ ಕರೆಯುವವರು, ಮುಂದೆ ಬಂದ ಪ್ರತಿಯೊಂದು ತೊಡಕಿನಲ್ಲೂ ನಮ್ಮ ಕೈ ಹಿಡಿದರು. ಅವರಿಲ್ಲದಿದ್ದರೆ ಈ ಮದುವೆ ಆಗುತ್ತಿರಲಿಲ್ಲ.

ಆಮೇಲೆ ಜಾತಕ. ನಾನು ಬೇಡ ಎಂದರೂ ಅಮ್ಮ ಬಿಡಲಿಲ್ಲ. ಅತ್ತೆ ಪ್ರೀತಿಯಿಂದ ಮಗನ ಹುಟ್ಟಿದ ದಿನ ಬರೆದಿಟ್ಟ ಚೀಟಿಯ ಫೋಟೋ ಕಳಿಸಿದರು. ಅದರಲ್ಲಿ 1984, ಮೆಸ್ಕೆರೆಮ್ 20, ರಾತ್ರಿ 2 ಗಂಟೆ ಎಂದಿತ್ತು. ನಾದಿನಿ ಅದನ್ನು ಇಂಗ್ಲಿಷ್‌ನಲ್ಲಿ ಹಾಗೆಯೇ ಬರೆದು ಕಳಿಸಿದಳು. ಅಪ್ಪ ಕೂಡಲೇ ಫೋನ್ ಮಾಡಿದರು: 'ಹುಡುಗನಿಗೆ ನಲವತ್ತಾಗಿದೆ ಅಂತ ನೀನು ಹೇಳಲೇ ಇಲ್ಲವಲ್ಲೇ!' ಅವನಿಗೆ ಮೂವತ್ಮೂರೂ ತುಂಬಿರಲಿಲ್ಲ. ಇಥಿಯೋಪಿಯಾದ ಪಂಚಾಂಗ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ ಇದೆ. ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದಕ್ಕೆ ಐದು ಅಥವಾ ಆರು ದಿನ ಮಾತ್ರ. ಹೊಸ ವರ್ಷ ಬರುವುದು ಸೆಪ್ಟೆಂಬರ್ 11 ಅಥವಾ 12ಕ್ಕೆ. ಗಂಟೆಯ ಲೆಕ್ಕವೂ ಬೇರೆ. ಸೂರ್ಯ ಹುಟ್ಟಿದಾಗಿನಿಂದ, ಮತ್ತೆ ಮುಳುಗಿದಾಗಿನಿಂದ ಎಣಿಸುತ್ತಾರೆ. ರಾತ್ರಿ 2 ಎಂದರೆ ನಮ್ಮ ರಾತ್ರಿ ಎಂಟು. ಎಲ್ಲ ಬದಲಾಯಿಸಿ ನೋಡಿದರೆ 1 ಅಕ್ಟೋಬರ್ 1991, ರಾತ್ರಿ 8 ಗಂಟೆ. ಅವನ ಅಮೆರಿಕದ ಪಾಸ್‌ಪೋರ್ಟ್‌ನಲ್ಲೂ ಅದೇ ತಾರೀಖು ಇದ್ದದ್ದು ಪುಣ್ಯ. ಎಷ್ಟೋ ಜನರದು ಹಾಗಿರುವುದಿಲ್ಲ. ನಿಮ್ಮ ಕೈಗೆ ಬರುವ ಪ್ರತಿ ತಾರೀಖಿಗೂ ಇದು ಅವರದಾ ನಮ್ಮದಾ ಎಂದು ಕೇಳಿ. ಬರಿ ಇಸವಿಗೆ ಎಂಟು ಕೂಡಿಸಿದರೆ ಆಗುವುದಿಲ್ಲ, ತಿಂಗಳು ನೋಡಿಕೊಂಡು ಏಳೋ ಎಂಟೋ ಆಗುತ್ತದೆ.

ಚರ್ಚ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಕಾಯುವುದಕ್ಕೆ ಏನೂ ಇರಲಿಲ್ಲ. ಅತ್ತೆಗೆ ತೆಕ್ಲಿಲ್ ಆಗಬೇಕೆಂಬ ಆಸೆ. ಗಂಡು ಹೆಣ್ಣಿಗೆ ಕಿರೀಟ ಇಟ್ಟು ಮಾಡುವ ಆರ್ಥೊಡಾಕ್ಸ್ ಕ್ರೈಸ್ತರ ಮದುವೆ ಅದು. ಅದಕ್ಕೆ ಇಬ್ಬರಿಗೂ ಜ್ಞಾನಸ್ನಾನ ಆಗಿರಬೇಕು. ಮನೆಯವರು ಪಾಪ ನಿವೇದನೆ ಮಾಡಿಕೊಳ್ಳುವ ಪಾದ್ರಿಯೊಬ್ಬರಿದ್ದಾರೆ, ಅವರು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಎಲ್ಲ ಹೇಳಿದರು. ಮದುವೆಗೋಸ್ಕರ ಸುಮ್ನೆ ಹೂಂ ಅನ್ನಬೇಡ ಎಂದೂ ಅವರೇ ಹೇಳಿದರು. ನಾನು ಆಗಲ್ಲ ಎಂದೆ. ಅತ್ತೆ ಕೆಲವು ವಾರ ಮಾತು ಕಡಿಮೆ ಮಾಡಿದರು. ಕೊನೆಗೆ ಹಾಲ್‌ನಲ್ಲಿ ನಮ್ಮ ಪುರೋಹಿತರಿಂದ ಧಾರೆ, ಮರುದಿನ ಹಿರಿಯರು ಹರಸುವ ಅವರ ಮೆಲ್ಸ್ ಶಾಸ್ತ್ರ ಎಂದು ಗಾಶೆ ತೀರ್ಮಾನ ಮಾಡಿಸಿದರು.

ಹಾಗಾದರೂ ಅವರ ಉಪವಾಸದ ದಿನಗಳಲ್ಲಿ ಮದುವೆ ಊಟ ಹಾಕುವಂತಿಲ್ಲ. ದಿನ ಹುಡುಕಲು ಕೂತೆವು. ನವೆಂಬರ್ ಕೊನೆಯಿಂದ ಅವರ ಕ್ರಿಸ್‌ಮಸ್, ಅಂದರೆ ಜನವರಿ 7ರವರೆಗೆ ಉಪವಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ನಮಗೆ ಧನುರ್ಮಾಸ. ಈಸ್ಟರ್‌ಗೆ ಮುಂಚೆ ಅವರಿಗೆ 55 ದಿನದ ದೊಡ್ಡ ಉಪವಾಸ, 2025ರಲ್ಲಿ ಅದು ಫೆಬ್ರವರಿ 24ಕ್ಕೆ ಶುರು. ಉಳಿದದ್ದು ಜನವರಿ 19ರ ತಿಮ್ಕಾತ್ ಹಬ್ಬದಿಂದ ಫೆಬ್ರವರಿ ಮೂರನೇ ವಾರದವರೆಗಿನ ಸಣ್ಣ ಸಂದು. ಇಥಿಯೋಪಿಯಾದಲ್ಲೂ ಅದೇ ಮದುವೆಗಳ ಕಾಲ. ಫೆಬ್ರವರಿಯಲ್ಲಿ ಒಂದು ಶನಿವಾರ ಹಿಡಿದು ಹಾಲ್‌ಗೆ ಎರಡು ಸಾವಿರ ಡಾಲರ್ ಮುಂಗಡ ಕೊಟ್ಟೆವು. ಅದರಲ್ಲಿ ದೊಡ್ಡ ಪಾಲು ಅತ್ತೆಯ ಎಕುಬ್‌ನಿಂದ ಬಂತು. ಎಕುಬ್ ಎಂದರೆ ನಮ್ಮ ಚೀಟಿಯೇ. ತಿಂಗಳು ತಿಂಗಳು ಎಲ್ಲರೂ ಹಾಕುವುದು, ಸರದಿಯಂತೆ ಒಬ್ಬೊಬ್ಬರು ಎತ್ತುವುದು. ಇವರು ಲೆಕ್ಕ ಇಡುವುದು ಟೆಲಿಗ್ರಾಮ್‌ನಲ್ಲಿ. ಮುಂದಿನ ಸರದಿ ಇದ್ದವರು ಮದುವೆ ಮನೆ ಎಂದು ತಮ್ಮ ಪಾಳಿಯನ್ನು ಅತ್ತೆಗೆ ಬಿಟ್ಟುಕೊಟ್ಟರು.

ಜನವರಿಯಲ್ಲಿ ರಾಕ್‌ವಿಲ್‌ನ ಕೋರ್ಟಿಗೆ ಹೋಗಿ ಮದುವೆ ಲೈಸೆನ್ಸ್ ತೆಗೆದುಕೊಂಡೆವು. ಅದು ಮಾಂಟ್ಗಮರಿ ಕೌಂಟಿ, ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆಗ ಶುಲ್ಕ 55 ಡಾಲರ್ ಇತ್ತು. ಕೊಟ್ಟ ಎರಡನೇ ದಿನ ಬೆಳಿಗ್ಗೆ ಆರರಿಂದ ಜಾರಿಗೆ ಬರುತ್ತದೆ, ಆರು ತಿಂಗಳು ಇರುತ್ತದೆ. ಮೇರಿಲ್ಯಾಂಡ್‌ನಲ್ಲಿ ಲೈಸೆನ್ಸ್ ಯಾವ ಕೌಂಟಿಯದೋ ಅದೇ ಕೌಂಟಿಯೊಳಗೆ ಮದುವೆ ಆಗಬೇಕು. ನಮ್ಮವರು ಬಹಳಷ್ಟು ಜನ ಮದುವೆ ಮಾಡಿಕೊಳ್ಳುವ ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಸ್ಥಾನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿದೆ. ಅಲ್ಲಿ ಧಾರೆ ಇಟ್ಟುಕೊಂಡರೆ ರಾಕ್‌ವಿಲ್‌ನ ಕಾಗದ ನಡೆಯುವುದಿಲ್ಲ.

ಹೆಸರಿನ ಪಾಡು ಬೇರೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಕರ್ನಾಟಕದವರಲ್ಲಿ ಇದು ಮಾಮೂಲು. ಹಾಗಾಗಿ ಅಮೆರಿಕದ ವೀಸಾದಲ್ಲಿ ನನ್ನ ಮೊದಲ ಹೆಸರು 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು, ನನ್ನ ಹೆಸರೆಲ್ಲ ಕೊನೆಯ ಹೆಸರು. ಗುರುತಿನ ಚೀಟಿಯಲ್ಲಿದ್ದಂತೆ ಲೈಸೆನ್ಸ್‌ನಲ್ಲೂ ಹಾಗೆಯೇ ಬಂತು. ಗಂಡನ ಕಡೆಯಲ್ಲೂ ಮನೆತನದ ಹೆಸರು ಎನ್ನುವುದಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಅಷ್ಟೆ. ಮದುವೆಯಾದ ಹೆಂಗಸು ಹೆಸರು ಬದಲಾಯಿಸುವುದಿಲ್ಲ. ಅವನಿಗೊಂದು, ಅವನಪ್ಪನಿಗೊಂದು, ಅಮ್ಮನಿಗೊಂದು, ಒಂದೇ ಮನೆಯಲ್ಲಿ ಮೂರು ಕೊನೆಯ ಹೆಸರು. ಹೆಸರು ಬದಲಾಯಿಸು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಇದೊಂದು ವಿಷಯದಲ್ಲಿ ಎರಡು ಮನೆಯವರಿಗೂ ಏನನ್ನೂ ವಿವರಿಸಬೇಕಾಗಿ ಬರಲಿಲ್ಲ.

ಲೈಸೆನ್ಸ್ ಕೈಗೆ ಬಂದ ಮರುವಾರ ಒಂದು ಮಧ್ಯಾಹ್ನ ಗಂಡನಿಗೆ ಅಡಿಸ್‌ನಿಂದ ಟೆಲಿಗ್ರಾಮ್ ಮೆಸೇಜ್ ಬಂತು. ತಿಗ್ರಾಯ್‌ನ ಮೆಕೆಲೆಯಲ್ಲಿದ್ದ ಅತ್ತೆಯ ಅಣ್ಣ ತೀರಿಕೊಂಡಿದ್ದರು. ಅದರ ಕೆಳಗೆ, 'ಅಮ್ಮನಿಗೆ ಹೇಳಬೇಡ' ಎಂದಿತ್ತು.

ಅತ್ತೆ ಇಥಿಯೋಪಿಯಾದ ಉತ್ತರದ ತಿಗ್ರಾಯ್‌ನವರು, ಮಾವ ಗೊಂಡರ್ ಕಡೆಯ ಅಮ್ಹಾರ ಜನಾಂಗದವರು. 2020ರ ನವೆಂಬರ್‌ನಲ್ಲಿ ತಿಗ್ರಾಯ್ ಯುದ್ಧ ಶುರುವಾದಾಗ ಅಲ್ಲಿಗೆ ಫೋನು, ಇಂಟರ್‌ನೆಟ್ ಎಲ್ಲ ನಿಂತುಹೋಗಿತ್ತು. ಆ ಅಣ್ಣ ಬದುಕಿದ್ದಾರಾ ಇಲ್ಲವಾ ಎಂದೇ ತಿಳಿಯದೆ ಅತ್ತೆ ತಿಂಗಳುಗಟ್ಟಲೆ ಕಳೆದಿದ್ದರು. 2022ರ ನವೆಂಬರ್‌ನಲ್ಲಿ ಯುದ್ಧ ನಿಲ್ಲಿಸುವ ಪ್ರಿಟೋರಿಯಾ ಒಪ್ಪಂದ ಆಗಿ, ಮತ್ತೆ ಲೈನ್ ಬಂದ ಮೇಲೆ ದಿನಾ ಅವರ ಜೊತೆ ಮಾತು. ಈಗ ಅವರೇ ಇಲ್ಲ.

ಹೊರದೇಶದಲ್ಲಿರುವ ಹಬೆಶಾ ಜನರಿಗೆ, ಅಂದರೆ ಇಥಿಯೋಪಿಯಾ ಕಡೆಯವರಿಗೆ, ಊರಿನ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ಒಂಟಿಯಾಗಿದ್ದಾಗ ಹೇಳುವುದಿಲ್ಲ, ರಾತ್ರಿ ಹೇಳುವುದಿಲ್ಲ. ಹತ್ತಿರದವರು ಸೇರಿ, ಬೆಳಕು ಹರಿಯುವ ಹೊತ್ತಿಗೆ ಮನೆ ಬಾಗಿಲಿಗೆ ಹೋಗಿ ಹೇಳಬೇಕು. ಹಿಂದೆ ಇದು ಸುಲಭವಿತ್ತೇನೋ. ಈಗ ಸುದ್ದಿ ಫೇಸ್‌ಬುಕ್‌ನಲ್ಲಿ ಮೊದಲು ಬರುತ್ತದೆ, ಮೇಣದ ಬತ್ತಿಯ ಚಿತ್ರ, ಕೆಳಗೆ ಹೆಸರು. ಅತ್ತೆಯ ಕೈಯಲ್ಲಿ ಟಿಕ್‌ಟಾಕ್ ಇಲ್ಲದ ಹೊತ್ತೇ ಇರುವುದಿಲ್ಲ. ಹಾಗಾಗಿ ಆ ಸಂಜೆಯೆಲ್ಲ ನಾವು ಮಾಡಿದ್ದು ಇಂಟರ್‌ನೆಟ್ ಕಾಯುವ ಕೆಲಸ. ಗಂಡನ ಅಕ್ಕನ ಮಗಳು ಗೊತ್ತಿದ್ದವರಿಗೆಲ್ಲ, ಬೆಳಗಾಗುವವರೆಗೆ ಏನೂ ಹಾಕಬೇಡಿ ಎಂದು ಬರೆದಳು. ಮೊದಲೇ ಹಾಕಿದ್ದವರು ತೆಗೆದರು, ಯಾರೂ ಯಾಕೆ ಎಂದು ಕೇಳಲಿಲ್ಲ. ಗಂಡ, 'ಫೋನ್ ಅಪ್‌ಡೇಟ್ ಮಾಡಬೇಕು' ಎಂದು ಅಮ್ಮನ ಫೋನ್ ಇಸಿದುಕೊಂಡು ರಾತ್ರಿಯೆಲ್ಲ ತನ್ನ ಬಳಿ ಇಟ್ಟುಕೊಂಡ. ನಾನು ಅವರ ಜೊತೆ ಕೂತು ಮದುವೆ ಸೀರೆಗಳ ಫೋಟೋ ನೋಡಿದೆ. ಅವರು ಅಣ್ಣನಿಗೆ ಕಳಿಸಲು ಎರಡು ಫೋಟೋ ಆರಿಸಿದರು. ಆ ಎರಡು ಗಂಟೆ ನನಗೆ ಹೇಗೆ ಕಳೆಯಿತೋ ಗೊತ್ತಿಲ್ಲ.

ಬೆಳಿಗ್ಗೆ ಐದೂವರೆಗೆ ಪಾರ್ಕಿಂಗ್ ಜಾಗದಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಥರ್ಮಾಸ್‌ನಲ್ಲಿ ಕಾಫಿ, ಚೀಲಗಳಲ್ಲಿ ಬ್ರೆಡ್ಡು, ಮೈಮೇಲೆ ನೆಟೆಲಾ ಎನ್ನುವ ಬಿಳಿ ಹೊದಿಕೆ. ಮುಂದೆ ಗಾಶೆ. ಅತ್ತೆ ಬಾಗಿಲು ತೆಗೆದು ಆ ಗುಂಪು ನೋಡಿದರು, 'ಯಾರು?' ಎಂದಷ್ಟೇ ಕೇಳಿದರು.

ನಮ್ಮ ಕಡೆ ಮಧ್ಯರಾತ್ರಿ ಫೋನ್ ಮಾಡಿ ಹೇಳಿಬಿಡುತ್ತೇವೆ, ಅಲ್ವಾ? ಮುಚ್ಚಿಡುವುದು ತಪ್ಪು ಎಂದೇ ನನಗೆ ಮೊದಲು ಅನ್ನಿಸಿತ್ತು. ಆ ಬೆಳಿಗ್ಗೆ ನೋಡಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಅವರು ಕುಸಿದಾಗ ಹಿಡಿದುಕೊಳ್ಳಲು ಎಡಕ್ಕಿಬ್ಬರು ಬಲಕ್ಕಿಬ್ಬರು ಇದ್ದರು. ಮುಂದಿನ ದಿನಗಳಲ್ಲಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಊಟ ಯಾರೋ ತರುತ್ತಿದ್ದರು, ಕುರ್ಚಿ ಯಾರೋ ತಂದಿಟ್ಟಿದ್ದರು. ಸಾವಿನ ಖರ್ಚಿಗೆಂದೇ ಕೂಡಿಡುವ ಸಂಘಕ್ಕೆ ಇದಿರ್ ಎನ್ನುತ್ತಾರೆ. ಅದರವರು ಒಂದು ನೋಟ್‌ಬುಕ್ ಹಿಡಿದು ಬಂದರು.

ತೀರಿಕೊಂಡವರ ಹೆಸರಿನಲ್ಲಿ ನಲವತ್ತನೇ ದಿನ ಮಾಡುವ ತೆಜ್ಕಾರ್ ಆಗದೆ ಮದುವೆ ಇಲ್ಲ. ಅದು ಬಂದದ್ದು ದೊಡ್ಡ ಉಪವಾಸದೊಳಗೆ. ಇನ್ನು ಈಸ್ಟರ್ ಆದ ಮೇಲೆಯೇ, ಅಂದರೆ 2025ರ ಏಪ್ರಿಲ್ 20ರ ನಂತರ. ಹಾಲ್‌ನವರು ಮುಂಗಡದಲ್ಲಿ ಅರ್ಧ ಹಿಡಿದುಕೊಂಡರು. ಒಪ್ಪಂದದಲ್ಲಿ ಸಾವಿನ ಕಾರಣಕ್ಕೆ ದಿನ ಬದಲಾದರೆ ಏನು ಎಂದು ಒಂದು ಸಾಲು ಬರೆಸಿಕೊಳ್ಳಿ. ಅಪ್ಪ-ಅಮ್ಮನ ಟಿಕೆಟ್ ಬದಲಾಯಿಸಲು ಬೇರೆ ಹಣ ಹೋಯಿತು. ಅಡಿಸ್‌ನಿಂದ ಬರಬೇಕಿದ್ದ ಅತ್ತೆಯ ತಂಗಿಗೆ ವೀಸಾ ಸಿಗಲಿಲ್ಲ. ಅರ್ಜಿಯ 185 ಡಾಲರ್ ವಾಪಸ್ ಬರುವ ಹಣವಲ್ಲ. ಲಾಭವಾದದ್ದು ಲೈಸೆನ್ಸ್ ಒಂದೇ. ಜನವರಿಯಲ್ಲಿ ತೆಗೆದದ್ದು ಮೇ ತಿಂಗಳಿಗೂ ನಡೆಯಿತು.

ವೈಶಾಖದಲ್ಲಿ ಮುಹೂರ್ತ ಸಿಕ್ಕಿತು. ಈಗ ಕರೆಯೋಲೆ. ಅಮ್ಹಾರಿಕ್, ಅತ್ತೆ ಕಡೆಯವರ ತಿಗ್ರಿನ್ಯಾ, ಕನ್ನಡ, ಇಂಗ್ಲಿಷ್, ನಾಲ್ಕೂ ಬೇಕು ಎಂದು ನಾನು ಹಟ ಹಿಡಿದೆ. ಮೊದಲೆರಡಕ್ಕೂ ಗೀಝ್ ಲಿಪಿ. ಅದಕ್ಕೆ ಒತ್ತಕ್ಷರ ಇಲ್ಲವಾದ್ದರಿಂದ ಪ್ರಿಂಟಿನಲ್ಲಿ ಚೆನ್ನಾಗಿಯೇ ಬಂತು. ಕನ್ನಡದ ಒತ್ತುಗಳೆಲ್ಲ ಕಿತ್ತುಹೋಗಿ ಅಪ್ಪನ ಹೆಸರೇ ಗುರುತು ಸಿಗದಂತಾಯಿತು. ಕನ್ನಡದ ಭಾಗವನ್ನು ಚಿತ್ರ ಮಾಡಿ ಕೊಡಿ, ಅಕ್ಷರವಾಗಿ ಕೊಡಬೇಡಿ.

ಕರೆಯೋಲೆಗಿಂತ ಕಷ್ಟವಾದದ್ದು ಟೆಲಿಗ್ರಾಮ್ ಗುಂಪು. ಯುದ್ಧದಲ್ಲಿ ಅಮ್ಹಾರ ಒಂದು ಕಡೆ, ತಿಗ್ರಾಯ್ ಇನ್ನೊಂದು ಕಡೆ. ಆ ಎರಡು ವರ್ಷಗಳಲ್ಲಿ ಮಾವನ ಕಡೆಯವರೂ ಅತ್ತೆಯ ಕಡೆಯವರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿದ್ದರು. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ ಕಸಿನ್‌ಗಳು ಫೇಸ್‌ಬುಕ್‌ನಲ್ಲಿ ಬರೆದುಕೊಂಡದ್ದನ್ನು ಗಂಡ ನನಗೆ ಇವತ್ತಿಗೂ ತೋರಿಸಿಲ್ಲ. ನಾವು ಸಂಭ್ರಮದಲ್ಲಿ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದೆವು. ಯಾರೋ ಒಬ್ಬರು ಅಲಂಕಾರಕ್ಕೆ ಇರಲಿ ಎಂದು ಬಾವುಟದ ಚಿತ್ರ ಹಾಕಿದರು. ನಡುವೆ ನಕ್ಷತ್ರ ಇರುವುದು ಸರ್ಕಾರದ ಬಾವುಟ. ಬರಿ ಹಸಿರು-ಹಳದಿ-ಕೆಂಪು ಹಳೆಯದು. ಯಾವುದು ಹಿಡಿದರೂ ಒಂದು ಪಕ್ಷ ಹಿಡಿದಂತೆ. ಅರ್ಧ ಗಂಟೆಯಲ್ಲಿ ಒಂಬತ್ತು ಜನ ಗುಂಪು ಬಿಟ್ಟು ಹೋದರು.

ಗಾಶೆ ಮೂರು ಮಾತು ಹೇಳಿದರು. ಹಾಲ್‌ನಲ್ಲಿ ಯಾವ ಬಾವುಟವೂ ಬೇಡ. ಹಾಡಿನ ಪಟ್ಟಿ ಮೊದಲು ನನಗೆ ತೋರಿಸಿ. ಗುಂಪು ಮುಚ್ಚಿ, ಚಾನೆಲ್ ಮಾಡಿ. ಚಾನೆಲ್‌ನಲ್ಲಿ ನಾವು ಮಾತ್ರ ಬರೆಯಬಹುದು, ಉಳಿದವರು ಓದಬಹುದು. ಇಷ್ಟು ಸಣ್ಣ ಉಪಾಯ ಇಷ್ಟು ಕೆಲಸ ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ಬಿಟ್ಟುಹೋದವರಲ್ಲಿ ಹೆಚ್ಚಿನವರು ಮದುವೆಗೆ ಬಂದರು. ಆಮೇಲೆ ಬ್ಲಾಕ್ ತೆಗೆದರಾ ಎಂದು ನಾನು ಕೇಳಲು ಹೋಗಿಲ್ಲ.

ಬಟ್ಟೆಯ ಕತೆ ನಮ್ಮವರಿಗೆ ಹೊಸದೇನಲ್ಲ. ಅಡಿಸ್‌ನ ಶಿರೊ ಮೆಡಾ ಮಾರುಕಟ್ಟೆಯ ದರ್ಜಿಗೆ ಟೆಲಿಗ್ರಾಮ್‌ನಲ್ಲಿ ಅಳತೆ ಕಳಿಸಿ ಹಬೆಶಾ ಕೆಮಿಸ್ ಎನ್ನುವ ಅವರ ಉಡುಪು ಹೊಲಿಸಿದೆವು. 2024ರ ಜುಲೈ ಕೊನೆಯಲ್ಲಿ ಅಲ್ಲಿನ ಸರ್ಕಾರ ತನ್ನ ಹಣ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಬಿರ್ ಬಹಳ ಇಳಿದಿತ್ತು. ಡಾಲರ್‌ನವರಿಗೆ ಅಗ್ಗ ಎಂದುಕೊಂಡರೆ ದರ್ಜಿಯೂ ಜಾಣ, ರೇಟು ಏರಿಸಿದ್ದ. ಕೊರಿಯರ್ ಯಾರೂ ಮಾಡುವುದಿಲ್ಲ. ಅಡಿಸ್‌ನಿಂದ ವಾಷಿಂಗ್ಟನ್‌ನ ಡಲ್ಲಸ್ ಏರ್‌ಪೋರ್ಟಿಗೆ ಬರುವ ಯಾರದೋ ಸೂಟ್‌ಕೇಸಿನಲ್ಲಿ ಜಾಗ ಕೇಳಬೇಕು. ನನ್ನ ಬಟ್ಟೆ ಬೆರ್ಬೆರೆ ಖಾರದ ಪುಡಿಯ ಪಕ್ಕ ಕೂತು ಬಂತು. ತೊಳೆದ ಮೇಲೂ ವಾಸನೆ ಹೋಗಲಿಲ್ಲ.

ಊಟದ್ದು ಮಾತ್ರ ಸಸ್ಯಾಹಾರಿಗಳು ಗಮನವಿಟ್ಟು ಓದಿ. ಬುಧವಾರ, ಶುಕ್ರವಾರ ಮತ್ತು ಉಪವಾಸದ ಕಾಲದಲ್ಲಿ ಆರ್ಥೊಡಾಕ್ಸ್‌ನವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ತಿನ್ನುವುದಿಲ್ಲ. ಆಗ ಅವರ ಮನೆಯೂಟ ನಮಗೆ ಹಬ್ಬ. ಆದರೆ ಈಸ್ಟರ್ ಆದ ಮೇಲೆ ಐವತ್ತು ದಿನ ಬುಧವಾರ-ಶುಕ್ರವಾರವೂ ಉಪವಾಸ ಇಲ್ಲ. ನಮ್ಮ ಮದುವೆ ಸರಿಯಾಗಿ ಅದೇ ಕಾಲಕ್ಕೆ ಬಂತು. ಅವರಿಗೆ ಕೋಳಿಯ ಡೊರೊ ವೊಟ್, ಹಸಿ ಮಾಂಸದ ಕಿಟ್ಫೊ ಇಲ್ಲದೆ ಮದುವೆಯೇ ಅಲ್ಲ. ಅಡುಗೆಯವರಿಗೆ 'ವೆಜ್' ಎಂದರೆ ಸಾಲದು, 'ತ್ಸೋಮ್' ಊಟ ಬೇಕು ಎನ್ನಿ, ಉಪವಾಸದ್ದು. ಬೇಳೆಯ ಮಿಸಿರ್ ವೊಟ್, ಶಿರೊ, ಎಲೆಕೋಸು, ಸೊಪ್ಪು ಎಲ್ಲ ಎಣ್ಣೆಯಲ್ಲೇ ಮಾಡಿಕೊಡುತ್ತಾರೆ. ಪಾತ್ರೆ, ಸೌಟು, ಟೇಬಲ್ ಬೇರೆ ಇಡಿಸಿ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಅಲ್ಲಿ ಏನೂ ಸಿಗುವುದಿಲ್ಲ. ನಮ್ಮ ದೊಡ್ಡಮ್ಮನಿಗೆ ಮೊಸರನ್ನ ಡಬ್ಬಿಯಲ್ಲಿ ತಂದಿದ್ದೆವು.

ಧಾರೆ ಬೆಳಿಗ್ಗೆ ಹತ್ತಕ್ಕೆ. ವಿಡಿಯೋ ಕೊಂಡಿ ಕಳಿಸುವಾಗ ಮೂರು ಕಡೆಯ ಸಮಯವನ್ನೂ ಬರೆದೆವು. ಶಿವಮೊಗ್ಗಕ್ಕೆ ಸಂಜೆ ಏಳೂವರೆ, ಅಡಿಸ್‌ಗೆ ಸಂಜೆ ಐದು, ಅದರ ಪಕ್ಕದಲ್ಲೇ ಅವರ ಲೆಕ್ಕದ ಹನ್ನೊಂದು ಗಂಟೆ. ಜಾತಕದ ಫಜೀತಿ ಆಗಿಲ್ಲದಿದ್ದರೆ ಅದು ಹೊಳೆಯುತ್ತಿರಲಿಲ್ಲ. ವೀಸಾ ಸಿಗದ ಚಿಕ್ಕತ್ತೆ ಅಲ್ಲಿಂದಲೇ ನಾಲಿಗೆ ಹೊರಳಿಸಿ ಇಲಿಲಿಲಿ ಎಂದು ಕೂಗಿದ್ದು ಸ್ಪೀಕರಿನಲ್ಲಿ ಮಂತ್ರಕ್ಕಿಂತ ಜೋರಾಗಿ ಕೇಳಿತು. ಪುರೋಹಿತರು ಒಂದು ಕ್ಷಣ ನಿಲ್ಲಿಸಿ, ನಕ್ಕು, ಮುಂದುವರಿಸಿದರು.

ಮರುದಿನದ ಮೆಲ್ಸ್ ನನಗೆ ಜಾಸ್ತಿ ಇಷ್ಟವಾಯಿತು. ಕಸೂತಿಯ ಕಾಬಾ ಹೊದಿಸಿ ಕೂರಿಸುತ್ತಾರೆ, ದೊಡ್ಡ ದಾಬೊ ಬ್ರೆಡ್ಡು ಕತ್ತರಿಸುತ್ತಾರೆ. ಹಿರಿಯರು ಒಂದೊಂದೇ ಮಾತು ಹೇಳಿ ಹರಸುತ್ತಾರೆ, ಪ್ರತಿ ಮಾತಿಗೂ ಎಲ್ಲರೂ ಆಮೆನ್. ಕಾಫಿ ಮೂರು ಸುತ್ತು, ಮಧ್ಯೆ ಎದ್ದು ಹೋಗುವಂತಿಲ್ಲ. ಅಮ್ಮ ಊರಿನಿಂದ ಹುಚ್ಚೆಳ್ಳು ಚಟ್ನಿಪುಡಿ ತಂದಿದ್ದರು. ಅತ್ತೆ ಅದನ್ನು ನಾಲಿಗೆಗೆ ಹಚ್ಚಿ ನೋಡಿ ಅಡುಗೆಮನೆಗೆ ಓಡಿದರು. ಅವರ ಡಬ್ಬಿಯಲ್ಲೂ ಅದೇ ಕಾಳು! ಹುಚ್ಚೆಳ್ಳಿನ ಮೂಲ ಊರು ಇಥಿಯೋಪಿಯಾ, ನಮ್ಮ ರಾಗಿ ಬಂದದ್ದೂ ಪೂರ್ವ ಆಫ್ರಿಕಾದ ಆ ಎತ್ತರದ ಸೀಮೆಯಿಂದಲೇ. ಭಾಷೆ ಬಾರದ ಇಬ್ಬರೂ ಆ ಮಧ್ಯಾಹ್ನ ಡಬ್ಬಿ ಮುಚ್ಚಳ ತೆಗೆದು ತೆಗೆದು ತೋರಿಸಿಕೊಳ್ಳುತ್ತಾ ಕಳೆದರು. ನಮ್ಮನ್ನು ಯಾರೂ ಕೇಳುವವರಿರಲಿಲ್ಲ.

ಇನ್ನು ಮುಂದಿನ ಕಾಗದಗಳು. ಮದುವೆ ಸರ್ಟಿಫಿಕೇಟಿನ ಪ್ರಮಾಣಿತ ಪ್ರತಿ ಒಂದಕ್ಕಿಂತ ಜಾಸ್ತಿ ತೆಗೆದಿಟ್ಟುಕೊಳ್ಳಿ. ನನ್ನ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಲು ಒಂದು, ಗ್ರೀನ್ ಕಾರ್ಡ್ ಅರ್ಜಿಗೆ ಒಂದು, ಇಥಿಯೋಪಿಯಾದ ಕೆಲಸಕ್ಕೆ ಒಂದು. ಇಥಿಯೋಪಿಯಾ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪೌರರಾದವರಿಗೆ 2002ರ ಕಾನೂನಿನಡಿ ಒಂದು ಗುರುತಿನ ಚೀಟಿ ಕೊಡುತ್ತಾರೆ, ಎಲ್ಲರೂ ಹಳದಿ ಕಾರ್ಡ್ ಎನ್ನುತ್ತಾರೆ. ಗಂಡ ಅದಕ್ಕೆ ದಾಖಲೆ ಜೋಡಿಸಲು ಈಗ ಕೂತಿದ್ದಾನೆ. ಒಂದು ಕಾಗದದಲ್ಲಿ ಅವನ ತಾತನ ಹೆಸರಿಗೆ ಒಂದು ಸ್ಪೆಲಿಂಗ್, ಇನ್ನೊಂದರಲ್ಲಿ ಬೇರೆ. ನೀವು ಇನ್ನೂ ಮಾತುಕತೆಯ ಹಂತದಲ್ಲಿದ್ದರೆ, ಹುಡುಗನ ಎಲ್ಲ ದಾಖಲೆಗಳಲ್ಲೂ ತಾತನ ಹೆಸರು ಒಂದೇ ಥರ ಇದೆಯಾ ಎಂದು ಈಗಲೇ ನೋಡಿಸಿಡಿ.